ಗೇಮ್ ಕಂಪನಿಗೆ ಸರ್ಟಿಫಿಕೇಟ್ ಬೇಕಿಲ್ಲ, ಕೈಕೆಲಸ ಬೇಕು

ಮಗ ದಿನವಿಡೀ ಮೊಬೈಲಿನಲ್ಲಿ ಗೇಮ್ ಆಡ್ತಾನೆ, ಚಿತ್ರವನ್ನೂ ಚೆನ್ನಾಗಿ ಬರೀತಾನೆ, ಗೇಮ್ ಕಂಪನಿಗೇ ಸೇರಿಸಿಬಿಡೋಣ ಅಂತ ಚಿನ್ನ ಅಡವಿಟ್ಟು ಫೀಸು ಕಟ್ಟುವ ಅಂಗಡಿಯವರು ಶಿವಾಜಿನಗರದಲ್ಲೂ ಇದ್ದಾರೆ, ಹಲಸೂರಿನಲ್ಲೂ ಇದ್ದಾರೆ. 'ಕೆಲಸ ಗ್ಯಾರಂಟಿ' ಎಂಬ ಬೋರ್ಡು ನೋಡಿ ಕಟ್ಟುತ್ತಾರೆ. ಗ್ಯಾರಂಟಿ ಬರೆದವರು ಒಬ್ಬರು, ಕೆಲಸ ಕೊಡಬೇಕಾದವರು ಇನ್ನೊಬ್ಬರು. ಪೇಚಿರುವುದೇ ಇಲ್ಲಿ.

ಆಸೆಯೇನೂ ತಪ್ಪಲ್ಲ. ಈ ಕಸುಬು ಬೆಂಗಳೂರಿಗೆ ಹೊಸದೂ ಅಲ್ಲ. 1997ರಲ್ಲೇ ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ಫೋರ್ಜಾ ಎಂಬ ರೇಸಿನ ಗೇಮಿನಲ್ಲಿ ಜಗತ್ತಿನ ಹುಡುಗರು ಓಡಿಸಿದ ಎಷ್ಟೋ ಕಾರುಗಳನ್ನು ತಿದ್ದಿ ತೀಡಿದವರು ಅಲ್ಲಿನ ಕಲಾವಿದರು. 2019ರಲ್ಲಿ ಜಿಟಿಎ ಖ್ಯಾತಿಯ ರಾಕ್‌ಸ್ಟಾರ್ ಸುಮಾರು 79 ಲಕ್ಷ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡುಕೊಂಡಿತು.

ಇಂಥ ಕಡೆ ಅರ್ಜಿ ಹಾಕಿದರೆ ಮೊದಲು ನೋಡುವುದು ಪೋರ್ಟ್‌ಫೋಲಿಯೋ, ಅಂದರೆ ಹುಡುಗನೋ ಹುಡುಗಿಯೋ ಸ್ವಂತ ಕೈಯಿಂದ ಮಾಡಿದ ಕೆಲಸದ ಕಟ್ಟು. ಸರ್ಟಿಫಿಕೇಟು ಆಮೇಲಿನ ಮಾತು. ಕೆಲಸ ಕೇಳಿಕೊಂಡು ಬಂದವನಿಗೆ ಟೈಲರ್ ಏನು ಹೇಳ್ತಾನೆ? 'ಒಂದು ಕಾಲರ್ ಹೊಲಿದು ತೋರಿಸಪ್ಪ.' ಇಲ್ಲೂ ಅಷ್ಟೇ. ಇಪ್ಪತ್ತು ಚಿತ್ರ ತುರುಕಬೇಕಿಲ್ಲ, ಐದಾರು ಸಾಕು, ಆದರೆ ಒಂದೂ ಕಳಪೆ ಇರಬಾರದು. ಮಾಡೆಲ್ಲಿನ ಒಳಗಿನ ಬಲೆ ಕಾಣುವ ವೈರ್‌ಫ್ರೇಮ್, ಮೇಲೆ ಹೊದಿಸಿದ ಟೆಕ್ಸ್ಚರ್ ಎರಡನ್ನೂ ಜೊತೆಗೆ ಇಡಬೇಕು. ಚಂದ ಇದ್ದರೆ ಸಾಲದು, ಗೇಮು ತಡವರಿಸದೆ ಓಡುವಷ್ಟು ಹಗುರವಾಗಿಯೂ ಇರಬೇಕಲ್ಲ! ಕಾರು ಮಾಡುವವರು ಬೇಕು ಅಂದ ಕಡೆಗೆ ರಾಕ್ಷಸರ ಮುಖ ಕಳಿಸಿದರೆ ಉತ್ತರವೇ ಬರಲ್ಲ. ವಸ್ತು ಹುಡುಕಿಕೊಂಡು ಜಪಾನಿಗೆ ಹೋಗಬೇಕಿಲ್ಲ. ಹಲಸೂರು ಸೋಮೇಶ್ವರ ದೇವಸ್ಥಾನದ ಒಂದು ಕಂಬ, ರಸೆಲ್ ಮಾರ್ಕೆಟ್ಟಿನ ಒಂದು ಹಣ್ಣಿನ ಅಂಗಡಿ, ಒಂದು ಹಳೇ ಆಟೋ, ಇವನ್ನು ಸರಿಯಾಗಿ ಮಾಡಿದರೆ ನೋಡುವವರು ನಿಂತು ನೋಡ್ತಾರೆ. ಬ್ಲೆಂಡರ್ ಎಂಬ ತಂತ್ರಾಂಶ ಬಿಟ್ಟಿ ಸಿಗುತ್ತದೆ. ಅದನ್ನು ಎಳೆಯುವ ಕಂಪ್ಯೂಟರ್ ಮಾತ್ರ ಬಿಟ್ಟಿ ಸಿಗಲ್ಲ.

ಕಟ್ಟು ಹಿಡಿಸಿದರೆ ಮುಂದೆ ಆರ್ಟ್ ಟೆಸ್ಟ್. ಮನೆಯಲ್ಲಿ ಕೂತು ಮಾಡಿ ಕಳಿಸಬೇಕು. ಎರಡು ದಿನದ ಟೆಸ್ಟೂ ಉಂಟು, ವಾರ ಹಿಡಿಯುವುದೂ ಉಂಟು. ಸಾಮಾನ್ಯವಾಗಿ ಕಾಸಿಲ್ಲ. ಹಗಲೆಲ್ಲ ಅಪ್ಪನ ಗಲ್ಲಾಪೆಟ್ಟಿಗೆ ನೋಡಿಕೊಂಡು ರಾತ್ರಿ ಹತ್ತರ ಮೇಲೆ ಮೌಸ್ ಹಿಡಿಯುವವನಿಗೂ ಅದೇ ಗಡುವು, ಸ್ವಂತ ಕೋಣೆ ಇರುವವನಿಗೂ ಅದೇ ಗಡುವು. ಟೆಸ್ಟೇ ಬೇಡ ಅನ್ನುವಂತಿಲ್ಲ, ಬೇರೆಯವರ ಕೆಲಸ ಕದ್ದು ಕಟ್ಟು ಕಟ್ಟುವವರೂ ಇದ್ದಾರೆ. ಆದರೆ ಒಂದು ದಿನಕ್ಕೆ ಮೀರಿದ ಟೆಸ್ಟಿಗೆ ಕೂಲಿ ಕೊಡುವುದು ನ್ಯಾಯ. ಬೇಡ ಅನ್ನುವಾಗ ಎಲ್ಲಿ ತಪ್ಪಾಗಿದೆ ಅಂತ ಎರಡು ಸಾಲು ಬರೆದರೆ ಕಂಪನಿಯ ಗಂಟೇನು ಹೋಗುತ್ತೆ?

ಕೆಲಸ ಸಿಕ್ಕಿದ ಮೇಲೂ ನೆಮ್ಮದಿ ಅಂತೇನಿಲ್ಲ. ಫೆಬ್ರುವರಿ 2025ರಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಮುಳುಗಿದಾಗ ಬೆಂಗಳೂರು, ಮುಂಬಯಿಗಳಲ್ಲಿ ಸುಮಾರು 3,000 ಮಂದಿ ಬೀದಿಗೆ ಬಿದ್ದರು. ಅನುಭವಸ್ಥರೇ ಕ್ಯೂನಲ್ಲಿ ನಿಂತಿರುವಾಗ ಹೊಸಬರ ಕಟ್ಟು ಇನ್ನಷ್ಟು ಗಟ್ಟಿ ಇರಬೇಕಾಗುತ್ತದೆ. ಫೀಸು ಕಟ್ಟುವ ಮುಂಚೆ ಅಪ್ಪಂದಿರು ಇನ್‌ಸ್ಟಿಟ್ಯೂಟಿನವರನ್ನು ಕೇಳಬೇಕಾದ್ದು ಒಂದೇ: ಹೋದ ವರ್ಷ ಕಲಿತವರ ಕಟ್ಟು ತೋರಿಸಿ, ಸ್ವಾಮಿ. ಗೋಡೆಗೆ ಹಾಕಿದ ಫೋಟೋ ಬೇಡ.

ಸರ್ಕಾರ ಈ ಉದ್ಯಮಕ್ಕಾಗಿ 2012ರಲ್ಲಿ ಒಂದು ನೀತಿ ಮಾಡಿತು, 2024ರಲ್ಲಿ ಇನ್ನೊಂದು. ಕೆ.ಆರ್.ಪುರಂ ಪಕ್ಕದ ಮಹದೇವಪುರದಲ್ಲಿ 2021ರಲ್ಲಿ ಉತ್ಕೃಷ್ಟತಾ ಕೇಂದ್ರವನ್ನೂ ತೆರೆಯಿತು. ಅಲ್ಲಿ ತಿಂಗಳಿಗೊಂದು ಭಾನುವಾರ ಗೇಮ್ ಕಂಪನಿಯ ಹಿರಿಯ ಕಲಾವಿದರನ್ನು ಕೂರಿಸಿ, ಬಂದವರ ಕಟ್ಟು ನೋಡಿ, ಇದು ಸರಿ, ಇದು ಸರಿಯಿಲ್ಲ ಅಂತ ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಹೇಳಿಸಬಹುದು. ಅದಕ್ಕೆ ಕಟ್ಟಡ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಹಲಸೂರಿನ ಹುಡುಗ ಮೆಟ್ರೋ ಹತ್ತಿ ಬೆಳಿಗ್ಗೆ ಒಂಬತ್ತಕ್ಕೇ ಬಂದು ಬಾಗಿಲ ಮುಂದೆ ನಿಂತಿರುತ್ತಾನೆ.