ಕೀಟಾಹಾರಿ ಗಿಡವನ್ನು ಆರಿಸುವಲ್ಲಿ ವಿವೇಕ

ಗಿಡವು ಕೀಟವನ್ನು ಹಿಡಿದು ಜೀರ್ಣಿಸಿಕೊಳ್ಳುವುದೆಂದರೆ ವಿದ್ವಾಂಸರೂ ನಂಬದಿದ್ದ ಕಾಲವೊಂದಿತ್ತು. ಎಲೆಗೆ ಅಂಟಿದ ನೊಣವು ಅಕಸ್ಮಾತ್ತಾಗಿ ಸಿಕ್ಕಿಬಿದ್ದುದೆಂದೇ ಹಲವರು ಭಾವಿಸಿದ್ದರು. ಚಾರ್ಲ್ಸ್ ಡಾರ್ವಿನ್ನನು 1860ರಲ್ಲಿ ಡ್ರಾಸಿರವೆಂಬ ಸಣ್ಣ ಗಿಡವನ್ನು ಕಂಡು ಕುತೂಹಲಗೊಂಡು, ಅದರ ಎಲೆಗಳ ಮೇಲೆ ಮಾಂಸದ ತುಣುಕು, ಮೊಟ್ಟೆಯ ಬಿಳಿ, ಗಾಜಿನ ಚೂರು ಮೊದಲಾದವುಗಳನ್ನಿಟ್ಟು ಪರೀಕ್ಷಿಸಿದನು. 1875ರಲ್ಲಿ ಈ ಜಾತಿಯ ಸಸ್ಯಗಳನ್ನು ಕುರಿತೇ ಆತನು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಮೇಲೆ ಸಂಶಯಕ್ಕೆ ಎಡೆಯಿಲ್ಲದಾಯಿತು.

ಅಂದು ವಿದ್ವಾಂಸರಿಗೆ ವಿಸ್ಮಯವಾಗಿದ್ದುದು ಇಂದು ಅಂಗಡಿಯ ಸರಕಾಗಿದೆ. ಹಣ ತೆತ್ತರೆ ಕೀಟಾಹಾರಿ ಗಿಡವು ಪೆಟ್ಟಿಗೆಯಲ್ಲಿ ಕುಳಿತು ಮನೆಯ ಬಾಗಿಲಿಗೇ ಬರುತ್ತದೆ. ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ನೆಲಸಿರುವ ನಮ್ಮ ಕನ್ನಡದ ಮನೆಗಳ ಬಾಲಕ ಬಾಲಕಿಯರಿಗೆ ಇದನ್ನು ಸಾಕುವ ಆಸೆ ಹುಟ್ಟಿದರೆ ಆಶ್ಚರ್ಯವೇನೂ ಇಲ್ಲ. ಆಸೆಯನ್ನು ನಾವು ಹಳಿಯುವವರಲ್ಲ. ಆದರೆ ಗಿಡದ ಚಮತ್ಕಾರವನ್ನಷ್ಟೇ ನೋಡಿ ಅದನ್ನು ಆರಿಸುವುದು ತಪ್ಪು. ನಾವಿರುವ ಊರಿನ ಬಿಸಿಲು, ಗಾಳಿ, ನೀರುಗಳನ್ನು ಮೊದಲು ವಿಚಾರಿಸಿ, ಅವು ಯಾವ ಗಿಡಕ್ಕೆ ಒಪ್ಪುವುವೋ ಅದನ್ನೇ ಆರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಈ ಗಿಡಗಳ ಹುಟ್ಟುನೆಲವನ್ನು ನೋಡಬೇಕು. ಅವು ಬೆಳೆಯುವುದು ಜೌಗು ನೆಲದಲ್ಲಿ, ಮಳೆ ತೊಳೆದ ಮರಳಿನಲ್ಲಿ, ಮುರಕಲ್ಲಿನ ಹಾಸಿನ ಮೇಲೆ. ಅಲ್ಲಿ ನೀರುಂಟು, ಬೆಳಕುಂಟು. ಸಾರಜನಕ, ರಂಜಕಗಳು ಮಾತ್ರ ಬಹಳ ಕಡಿಮೆ. ನೆಲವು ಕೊಡದುದನ್ನು ಗಿಡವು ಕೀಟದ ದೇಹದಿಂದ ಪಡೆದುಕೊಳ್ಳುತ್ತದೆ. ಉಳಿದ ಗಿಡಗಳಂತೆ ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದನ್ನು ಅದು ಬಿಟ್ಟಿಲ್ಲ. ಹೀಗೆ ಬಡನೆಲದಲ್ಲಿ ಬಾಳಲು ಕಲಿತ ಬೇರಿಗೆ ಗೊಬ್ಬರವೇ ವಿಷ. ತುಳಸಿಗೂ ದಾಸವಾಳಕ್ಕೂ ಮಾಡುವ ಉಪಚಾರವನ್ನು ಇದಕ್ಕೆ ಮಾಡಿದರೆ ಗಿಡವು ನಮ್ಮ ಪ್ರೀತಿಯಿಂದಲೇ ಸಾಯುತ್ತದೆ.

ಇನ್ನು ಆಯ್ಕೆಯ ಮಾತು. ಎಲ್ಲರಿಗೂ ಮೊದಲು ಬೇಕೆನಿಸುವುದು ವೀನಸ್ ಫ್ಲೈಟ್ರಾಪ್. ಇದರ ಎಲೆಯ ಎರಡು ಹೋಳುಗಳ ಒಳಗೆ ಸೂಕ್ಷ್ಮವಾದ ಕೂದಲುಗಳಿವೆ. ಸುಮಾರು 20 ಸೆಕೆಂಡುಗಳೊಳಗೆ ಎರಡು ಬಾರಿ ಅವುಗಳಿಗೆ ಸ್ಪರ್ಶವಾದರೆ ಹೋಳುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ. ನೋಡಲು ಸೊಗಸೇ ಸರಿ. ಆದರೆ ಇದರ ತವರು ಅಮೆರಿಕದ ಉತ್ತರ ಹಾಗೂ ದಕ್ಷಿಣ ಕ್ಯಾರೊಲೈನಗಳ ಕರಾವಳಿ ಬಯಲು. ಅಲ್ಲಿ ಚಳಿಗಾಲವುಂಟು, ಮೂರು ನಾಲ್ಕು ತಿಂಗಳು ತಂಪಿನಲ್ಲಿ ಸುಪ್ತವಾಗಿರುವುದು ಈ ಗಿಡದ ಜೀವನಕ್ರಮ. ನಮ್ಮ ಎರಡು ನಗರಗಳಲ್ಲಿಯೂ ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ನಿದ್ರೆಯಿಲ್ಲದ ಗಿಡವು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಅದರ ಮೇಲೆ ಮನೆಗೆ ಬಂದವರೆಲ್ಲರೂ ಬೆರಳಿನಿಂದ ಮುಟ್ಟಿ ಅದನ್ನು ಮುಚ್ಚಿಸಿ ನಗುತ್ತಾರೆ. ಪ್ರತಿಯೊಂದು ಎಲೆಗೂ ಮುಚ್ಚಿ ತೆರೆಯುವ ಶಕ್ತಿ ಕೆಲವೇ ಬಾರಿಗೆ ಮಾತ್ರ ಉಂಟು. ಆಹಾರವಿಲ್ಲದೆ ಹಾಗೆ ದಣಿಸುವುದು ಆಟವಲ್ಲ, ಹಿಂಸೆ. ಆದ್ದರಿಂದ ಈ ಗಿಡವನ್ನು ಪುಸ್ತಕದ ಚಿತ್ರದಲ್ಲಿ ನೋಡಿ ಸಂತೋಷಪಡುವುದೇ ಮೇಲು.

ಎರಡನೆಯದು ಹೂಜಿ ಗಿಡ. ಎಲೆಯ ತುದಿಯಲ್ಲಿ ಮುಚ್ಚಳವಿರುವ ಹೂಜಿಯು ತೂಗುತ್ತದೆ. ಅದರೊಳಗಿನ ರಸದಲ್ಲಿ ಬಿದ್ದ ಕೀಟವು ಕರಗುತ್ತದೆ. ಭಾರತದಲ್ಲಿ ಕಾಡುಗಿಡವಾಗಿ ಬೆಳೆಯುವ ಹೂಜಿ ಗಿಡ ಒಂದೇ. ಅದರ ಮುಖ್ಯ ನೆಲೆ ಮೇಘಾಲಯದ ಗಾರೊ, ಖಾಸಿ, ಜೈಂತಿಯಾ ಬೆಟ್ಟಗಳು. ವಿನಾಶದ ಅಂಚಿನಲ್ಲಿರುವುದರಿಂದ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯವನ್ನು ಪಡೆದಿದೆ. ಅದನ್ನು ಕಾಡಿನಿಂದ ಕಿತ್ತು ಮಾರುವವನಿಂದ ಕೊಳ್ಳುವವನೂ ಅಪರಾಧದಲ್ಲಿ ಪಾಲುದಾರನೇ. ಆದರೆ ನರ್ಸರಿಗಳಲ್ಲಿ ಕಡ್ಡಿ ನೆಟ್ಟು ಬೆಳೆಸಿದ ಮಿಶ್ರತಳಿಯ ಹೂಜಿ ಗಿಡಗಳುಂಟು. ಅವುಗಳಲ್ಲಿ ವೆಂಟ್ರಾಟ ಎಂಬುದು ಗಟ್ಟಿ ಜೀವದ್ದು. ವಿಶಾಖಪಟ್ಟಣದ ಕಡಲಗಾಳಿಯಲ್ಲಿ ತೇವವಿರುವುದರಿಂದ, ನೆರಳುಬೆಳಕಿನ ಮೊಗಸಾಲೆಯಲ್ಲಿ ಅದನ್ನು ತೂಗುಬಿಟ್ಟು ಬೆಳೆಸಬಹುದು. ಗಾಳಿ ಒಣಗಿದರೆ ಮಾತ್ರ ಎಲೆ ಬರುತ್ತದೆ, ಹೂಜಿ ಬರುವುದಿಲ್ಲ. 40 ಡಿಗ್ರಿಯನ್ನು ಮೀರುವ ವಿಜಯವಾಡದ ಬೇಸಗೆಯಲ್ಲಿ ಇದನ್ನು ಕಾಪಾಡುವುದು ಕಷ್ಟಸಾಧ್ಯ.

ಹಾಗಾದರೆ ನಮಗೆ ಒಪ್ಪುವ ಗಿಡ ಯಾವುದು? ಡಾರ್ವಿನ್ನನು ಪರೀಕ್ಷಿಸಿದ ಡ್ರಾಸಿರದ ಬಂಧುಗಳೇ ಎಂದು ನಾವು ಹೇಳುತ್ತೇವೆ. ಇವುಗಳ ಎಲೆಯ ಮೇಲೆ ನವುರಾದ ಕೆಂಪು ರೋಮಗಳಿದ್ದು, ಒಂದೊಂದರ ತುದಿಯಲ್ಲಿಯೂ ಇಬ್ಬನಿಯಂತೆ ಹೊಳೆಯುವ ಅಂಟುಹನಿ ಇರುತ್ತದೆ. ಡ್ರಾಸಿರ ಬರ್ಮಾನಿ, ಡ್ರಾಸಿರ ಇಂಡಿಕ ಎಂಬ ಎರಡು ಜಾತಿಗಳು ಪೂರ್ವಘಟ್ಟಗಳಲ್ಲಿಯೂ ಉಂಟು, ನಮ್ಮ ಕರ್ನಾಟಕದಲ್ಲಿಯೂ ಉಂಟು. ಬಿಸಿಲನಾಡಿನ ಮಕ್ಕಳಾದ ಇವುಗಳಿಗೆ ಚಳಿಗಾಲದ ನಿದ್ರೆ ಬೇಕಿಲ್ಲ. ಬರ್ಮಾನಿಯು ನೆಲಕ್ಕೆ ಒತ್ತಿಕೊಂಡು ನಾಣ್ಯದಷ್ಟಗಲ ಹರಡುವ ಪುಟ್ಟ ಗಿಡ. ಅದರ ಅಂಚಿನ ರೋಮಗಳು ಕೀಟ ತಗುಲಿದ ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗುವುದನ್ನು ನೋಡಿದವರು ಅಮೆರಿಕದ ಗಿಡಕ್ಕಾಗಿ ಹಂಬಲಿಸಲಾರರು.

ಇದನ್ನು ಬೆಳೆಸುವ ಕ್ರಮವೂ ಸುಲಭ. ಪೀಟ್ ಎಂಬ ಜೌಗುಮಣ್ಣಿಗೆ ಒರಟು ಮರಳನ್ನು ಬೆರಸಿ ಪ್ಲಾಸ್ಟಿಕ್ ಕುಂಡದಲ್ಲಿ ತುಂಬಬೇಕು. ಪೀಟ್ ದೊರೆಯದಿದ್ದರೆ ತೆಂಗಿನ ನಾರಿನ ಪುಡಿ ಆಗಬಹುದು. ಅದರಲ್ಲಿ ಉಪ್ಪು ಸೇರಿರುವುದುಂಟಾದ್ದರಿಂದ ಹಲವು ನೀರಿನಲ್ಲಿ ತೊಳೆಯಬೇಕು. ವಿಶಾಖಪಟ್ಟಣದವರು ಸಮುದ್ರತೀರದ ಮರಳನ್ನು ಮಾತ್ರ ತರಬಾರದು. ಅದರಲ್ಲಿ ಉಪ್ಪೂ ಇದೆ, ಚಿಪ್ಪಿನ ಸುಣ್ಣವೂ ಇದೆ. ಧೂಳಿನಂತಹ ಬೀಜವನ್ನು ಮೇಲೆ ಉದುರಿಸಬೇಕು, ಮುಚ್ಚಬಾರದು. ಕುಂಡವನ್ನು ಬೆರಳಗಲ ನೀರಿರುವ ತಟ್ಟೆಯಲ್ಲಿಟ್ಟು, ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವಂತೆ ನೋಡಿಕೊಳ್ಳಬೇಕು. ನೀರು ಮಳೆಯದೇ ಆಗಬೇಕು. ಕೊಳವೆಬಾವಿಯ ಮತ್ತು ನಲ್ಲಿಯ ನೀರಿನಲ್ಲಿರುವ ಲವಣಗಳು ಕುಂಡದಲ್ಲಿ ಕೂಡುತ್ತಾ ಹೋಗಿ ಬೇರನ್ನು ಸುಡುತ್ತವೆ. ಅಕ್ಟೋಬರಿನ ಮಳೆಯಲ್ಲಿ ಮಾಳಿಗೆಯ ನೀರನ್ನು ಹಿಡಿದು ಮುಚ್ಚಿಟ್ಟರೆ ಬೇಸಗೆಗೆ ಒದಗುತ್ತದೆ.

ನಮ್ಮ ನಾಡಿನ ರೈತರು ರೋಹಿಣಿ ಮಳೆಗಾಗಿ ಮುಗಿಲು ನೋಡುವ ದಿನಗಳನ್ನೇ ಇಲ್ಲಿಯ ತೆಲುಗು ಮಿತ್ರರು ರೋಹಿಣಿ ಕಾರ್ತೆಯೆಂದು ಕರೆದು ಬಿಸಿಲಿಗೆ ಹೆದರುತ್ತಾರೆ. ಆಗ ಮಧ್ಯಾಹ್ನದಲ್ಲಿ ಗಿಡಕ್ಕೆ ನೆರಳುಬಟ್ಟೆಯನ್ನು ಕಟ್ಟುವುದು ಅವಶ್ಯ. ಮತ್ತೊಂದು ಎಚ್ಚರಿಕೆ: ನಿಂತ ನೀರಿನಲ್ಲಿ ಡೆಂಗೆಯನ್ನು ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೆರಡು ಬಾರಿ ತಟ್ಟೆಯನ್ನು ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರನ್ನು ಹಾಕಬೇಕು. ಈ ಗಿಡವು ಮನೆಯ ಸೊಳ್ಳೆಗಳನ್ನೆಲ್ಲ ಕಬಳಿಸುವುದೆಂಬ ಮಾರಾಟಗಾರರ ಮಾತನ್ನು ನಂಬಬಾರದು. ಅದು ಹಿಡಿಯುವುದು ತನ್ನ ಹೊಟ್ಟೆಗಾಗುವಷ್ಟನ್ನು ಮಾತ್ರ.

ಜೀವವನ್ನು ಕೊಲ್ಲುವ ಗಿಡವನ್ನು ಮನೆಯಲ್ಲಿಡುವುದು ಸರಿಯೇ ಎಂದು ಹಿರಿಯರು ಕೇಳಬಹುದು. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಹಲ್ಲಿಯು ನೊಣವನ್ನು ಹಿಡಿಯುವುದು ಹೇಗೆ ಅದರ ಧರ್ಮವೋ ಹಾಗೆಯೇ ಇದೂ ಗಿಡದ ಧರ್ಮ. ಆದರೆ ವಿನೋದಕ್ಕಾಗಿ ನೊಣದ ರೆಕ್ಕೆ ಕಿತ್ತು ಎಲೆಯ ಮೇಲಿಡುವುದು ನಮ್ಮ ಧರ್ಮವಲ್ಲ. ಹೊರಗಿಟ್ಟ ಗಿಡವು ತನಗೆ ಬೇಕಾದುದನ್ನು ತಾನೇ ಸಂಪಾದಿಸಿಕೊಳ್ಳುತ್ತದೆ. ಮಾಂಸವನ್ನಾಗಲಿ ಅನ್ನದ ಅಗುಳನ್ನಾಗಲಿ ಇಟ್ಟರೆ ಎಲೆ ಕೊಳೆಯುವುದೇ ಫಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಅರಕು ಕಣಿವೆಯ ಕಡೆಗೆ ಪ್ರವಾಸ ಹೋದಾಗಲೋ, ರಜೆಯಲ್ಲಿ ಊರಿಗೆ ಹೋಗಿ ಬಾಬಾಬುಡನ್ ಗಿರಿಯನ್ನು ಹತ್ತಿದಾಗಲೋ, ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಮಳೆಗಾಲ ನಡೆದಾಡಿದಾಗಲೋ ಇಂತಹ ಗಿಡಗಳು ಕಣ್ಣಿಗೆ ಬೀಳಬಹುದು. ಆ ಗುಡ್ಡಗಳಲ್ಲಿ ನೀಲಿಯಾಗಿ ಹಾಸಿಕೊಳ್ಳುವ ಯುಟ್ರಿಕ್ಯುಲೇರಿಯದ ಹೂಗಳೂ ಕೀಟಾಹಾರಿಗಳೇ. ಅವು ಮಣ್ಣಿನೊಳಗಿನ ಸೂಕ್ಷ್ಮ ಚೀಲಗಳಲ್ಲಿ ಅತಿ ಸಣ್ಣ ಜೀವಿಗಳನ್ನು ಹೀರಿಕೊಳ್ಳುತ್ತವೆ. ಅವನ್ನು ಮಂಡಿಯೂರಿ ನೋಡಿ, ಚಿತ್ರ ಬರೆದುಕೊಳ್ಳಿ, ಕೀಳಬೇಡಿ. ಕಲ್ಲು ತೆಗೆಯುವುದರಿಂದಲೂ ಕಟ್ಟಡಗಳಿಂದಲೂ ಇಂತಹ ನೆಲಗಳು ಕಿರಿದಾಗುತ್ತಿರುವಾಗ ವಿದ್ಯಾರ್ಥಿಯ ಕೈಯೂ ಅದಕ್ಕೆ ಸೇರಬಾರದು. ಬೆಳೆಸುವವರಿಂದ ಬೀಜವನ್ನು ಪಡೆದರೆ ಸಾಕು. ಬರ್ಮಾನಿಯ ಆಯುಸ್ಸು ಸಾಮಾನ್ಯವಾಗಿ ಒಂದೇ ವರ್ಷ. ಬೀಜ ಬಿಟ್ಟು ಅದು ಒಣಗಿದರೆ ದುಃಖಪಡಬೇಕಾದುದಿಲ್ಲ. ಆ ಬೀಜವನ್ನು ಕಾಗದದಲ್ಲಿ ಕಟ್ಟಿ, ಅರ್ಧವನ್ನು ಮುಂದಿನ ಬಿತ್ತನೆಗೆ ಇಟ್ಟುಕೊಂಡು, ಅರ್ಧವನ್ನು ಸಹಪಾಠಿಗೆ ಕೊಡಿ. ಹೀಗೆ ಕೈಯಿಂದ ಕೈಗೆ ಹೋಗುವ ಗಿಡಕ್ಕಾಗಿ ಯಾವ ಬೆಟ್ಟವೂ ಬರಿದಾಗಬೇಕಾಗಿಲ್ಲ.