ಅಟ್ಟದ ಮೇಲಿನ ಕ್ಯಾಸೆಟ್ಟುಗಳು



ದೀಪಾವಳಿಗೆ ಮುಂಚೆ ಸುಣ್ಣ ಹೊಡೆಯಲು ಅಟ್ಟ ಖಾಲಿ ಮಾಡುವಾಗ ಪ್ರತಿ ಮನೆಯಲ್ಲೂ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಒಳಗೆ ಹಳೆಯ ಕ್ಯಾಸೆಟ್ಟುಗಳು. ಒಂದರ ಮೇಲೆ ‘ದಶಲಕ್ಷಣ ಪರ್ವ, ಪ್ರವಚನ’ ಎಂದಿರುತ್ತದೆ, ಇನ್ನೊಂದರ ಮೇಲೆ ‘ನಾಮಕರಣ’, ಮತ್ತೊಂದರ ಮೇಲೆ ಏನೂ ಇರುವುದಿಲ್ಲ. ಜೊತೆಗೆ ಮದುವೆಯ ವಿಡಿಯೋ, 1993ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿ ಬಂದ ನೆನಪಿನ ವಿಡಿಯೋ. ಹಾಕಿ ನೋಡಲು ಯಂತ್ರವಿಲ್ಲ, ಎಸೆಯಲು ಮನಸ್ಸಿಲ್ಲ. ಧೂಳು ಒರೆಸಿ ಮತ್ತೆ ಅಟ್ಟಕ್ಕೇ ಏರಿಸುತ್ತೇವೆ.

ಈ ತಿಂಗಳು ಆ ಪೆಟ್ಟಿಗೆಯ ಬಗ್ಗೆ ನಾಲ್ಕು ಮಾತು. ನಮ್ಮ ಮನೆಯಲ್ಲೇ ಆದ ಒಂದು ನಷ್ಟದಿಂದ ಕಲಿತದ್ದನ್ನು ಹೇಳಿದರೆ ನಿಮ್ಮಲ್ಲಿ ಯಾರಿಗಾದರೂ ಆ ನಷ್ಟ ತಪ್ಪೀತು.

ನಮ್ಮ ತಾಯಿಯವರ ತವರು ಮಡಕಶಿರಾ. ರಾಯದುರ್ಗದ ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೂ ಅವರ ಮಾತಿನಲ್ಲಿ ಮಡಕಶಿರಾದ ಎಳೆತ ಹೋಗಲಿಲ್ಲ. 1986ರಲ್ಲಿ ನೋಂಪಿಯ ದಿನ ಅವರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುವಾಗ ನಾವು ಅಂಗಡಿಯಿಂದ ಟೇಪ್ ರೆಕಾರ್ಡರ್ ತಂದು ಪಕ್ಕದಲ್ಲಿಟ್ಟು ಗುಂಡಿ ಒತ್ತಿದ್ದೆವು. ಈಗ ಅವರಿಲ್ಲ. ನಮ್ಮ ಮೊಮ್ಮಕ್ಕಳು ಶಾಲೆಯಲ್ಲಿ ಕಲಿತದ್ದು ತೆಲುಗು ಮತ್ತು ಇಂಗ್ಲಿಷ್. ಕನ್ನಡ ಅವರಿಗೆ ಮನೆಮಾತು, ಅಕ್ಷರ ಬಾರದು. ಮುತ್ತಜ್ಜಿ ಬರೆದಿಟ್ಟ ಹಾಡಿನ ಪುಸ್ತಕವನ್ನು ಓದಲಾರರು, ಆದರೆ ದನಿಯನ್ನು ಕೇಳಬಲ್ಲರು. ಗಡಿಯ ಮನೆಗಳಲ್ಲಿ ಕ್ಯಾಸೆಟ್ಟಿಗೆ ಇಷ್ಟು ಬೆಲೆ ಬರುವುದು ಇದೇ ಕಾರಣಕ್ಕೆ.

ಕ್ಯಾಸೆಟ್ಟಿಗೆ ಆಯುಸ್ಸು ಕಡಿಮೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ದನಿ ಇರುವುದು ಆ ಪುಡಿಯ ಕಾಂತಶಕ್ತಿಯಲ್ಲಿ. ನಮ್ಮ ಸೀಮೆಯ ಬೇಸಿಗೆಗೆ ಅಂಟು ಸಡಿಲವಾಗುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಕ್ಯಾಸೆಟ್ಟು ಇನ್ನೂ ಅಲ್ಲಲ್ಲಿ ಸಿಕ್ಕೀತು. ವಿಡಿಯೋ ಕ್ಯಾಸೆಟ್ ಯಂತ್ರವನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಯಂತ್ರ ಕೆಟ್ಟರೆ ಬಿಡಿಭಾಗವಿಲ್ಲ. ಆದ್ದರಿಂದ ದನಿಯನ್ನು ಕಂಪ್ಯೂಟರಿನ ಫೈಲಾಗಿ ಮಾಡಿಕೊಳ್ಳುವುದೊಂದೇ ದಾರಿ.

ದನಿ ಫೈಲಾಗುವುದು ಹೇಗೆ? ಟೇಪ್ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಒಂದು ತಂತಿಯನ್ನು ಕಂಪ್ಯೂಟರಿಗೆ ಕೊಟ್ಟರೆ, ಅದು ಬರುವ ದನಿಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು ಪ್ರತಿ ಅಳತೆಯನ್ನೂ ಅಂಕಿಯಾಗಿ ಬರೆದುಕೊಳ್ಳುತ್ತದೆ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳುತ್ತದೆ. ಅದರ ಇಮ್ಮಡಿಗಿಂತ ತುಸು ಹೆಚ್ಚು ಸಲ ಅಳೆದರೆ ಏನೂ ತಪ್ಪಿಹೋಗದು ಎಂಬುದು ಲೆಕ್ಕ. ಹೀಗೆ ಬರೆದ ಒಂದು ಗಂಟೆಯ ದನಿ, ಎರಡು ಚಾನೆಲ್ಲಿನದಾದರೆ, ಸುಮಾರು 635 ಎಂಬಿ ಜಾಗ ಹಿಡಿಯುತ್ತದೆ.

ಜಾಗ ಉಳಿಸಲು ಎರಡು ವಿಧಾನಗಳಿವೆ. ವ್ಯಾಪಾರದ ಭಾಷೆಯಲ್ಲೇ ಹೇಳೋಣ. ಅರಳೆಯನ್ನು ಒತ್ತಿ ಬೇಲ್ ಕಟ್ಟಿದರೆ ಗಾತ್ರ ಇಳಿಯುತ್ತದೆ, ಬಿಚ್ಚಿದರೆ ತೂಕ ಅಷ್ಟೇ. 2001ರಲ್ಲಿ ಬಂದ ಫ್ಲಾಕ್ ಎಂಬ ವಿಧಾನ ಇಂಥದು. ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಒಂದು ಅಂಕಿಯೂ ಕಳೆಯುವುದಿಲ್ಲ. ಕಡಲೆಕಾಯಿಯನ್ನು ಸುಲಿದು ಬೀಜ ಮಾತ್ರ ಇಟ್ಟುಕೊಂಡರೆ ಜಾಗ ಇನ್ನೂ ಕಡಿಮೆ ಸಾಕು, ಆದರೆ ಸಿಪ್ಪೆ ಮತ್ತೆ ಬರದು. ಎಂಪಿ3 ಈ ಬಗೆಯದು. ಕಿವಿಗೆ ಸುಲಭವಾಗಿ ಗೊತ್ತಾಗದ್ದನ್ನು ಬಿಟ್ಟುಬಿಡುತ್ತದೆ. 128 ಕಿಲೋಬಿಟ್ಟಿನಲ್ಲಿ ಮಾಡಿದರೆ ಒಂದು ಗಂಟೆಗೆ 58 ಎಂಬಿ ಸಾಕು. ಫೋನಿನಲ್ಲಿ ಕೇಳಲು ಎಂಪಿ3 ಆಗಬಹುದು. ಮನೆಯ ಮೂಲಪ್ರತಿ ಫ್ಲಾಕ್‌ನಲ್ಲೇ ಇರಬೇಕು.

ಇಷ್ಟನ್ನು ನಮಗೆ ಹೇಳಿಕೊಟ್ಟವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ. ಹಬ್ಬಕ್ಕೆ ಬಂದವನು ನಾಲ್ಕು ದಿನ ಕೂತು 14 ಕ್ಯಾಸೆಟ್ಟುಗಳ ಎರಡೂ ಬದಿಯನ್ನು ಲ್ಯಾಪ್‌ಟಾಪಿಗೆ ಇಳಿಸಿದ. ಒಂದೊಂದು ಕ್ಯಾಸೆಟ್ಟಿಗೆ ಒಂದೊಂದು ಫೋಲ್ಡರು, ಪ್ರತಿಯೊಂದರಲ್ಲೂ ‘ಎ ಬದಿ’, ‘ಬಿ ಬದಿ’ ಎಂದು ಎರಡು ಫೈಲು. ಒಟ್ಟು 28.

“ತಾತ, ಒಂದೊಂದೇ ಮಾಡ್ತಾ ಕೂತರೆ ರಜಾನೇ ಮುಗಿಯುತ್ತೆ. ಒಂದು ಪ್ರೋಗ್ರಾಂ ಬರೆದುಬಿಡ್ತೀನಿ, ರಾತ್ರಿ ಎಲ್ಲಾ ತಾನೇ ಮಾಡ್ಕೊಳ್ಳುತ್ತೆ” ಎಂದ.

ಪೈಥಾನ್ ಎಂಬ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ. ಅದು ಪ್ರತಿ ಫೈಲನ್ನೂ ಎತ್ತಿ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಎಂಬವರು 2000ದಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತ. ದನಿಯಾಗಲಿ ಚಿತ್ರವಾಗಲಿ ಒಂದು ರೂಪದಿಂದ ಮತ್ತೊಂದಕ್ಕೆ ಬದಲಿಸುವುದು ಅದರ ಕೆಲಸ. ಬದಲಿಸಿದ್ದನ್ನು ಒಂದೇ ಹೊಸ ಫೋಲ್ಡರಿನಲ್ಲಿ ಇಡು, ಜಾಗ ಸಾಲದು, ಹಳೆಯದನ್ನು ಅಳಿಸು ಎಂದು ಹುಡುಗ ಬರೆದಿದ್ದ.

ಬೆಳಗ್ಗೆ ಎದ್ದು ನೋಡಿದರೆ ಹೊಸ ಫೋಲ್ಡರಿನಲ್ಲಿ ಇದ್ದದ್ದು ಎರಡೇ ಫೈಲು. ಎಲ್ಲದರ ಹೆಸರೂ ‘ಎ ಬದಿ’, ‘ಬಿ ಬದಿ’ಯೇ ಆದ್ದರಿಂದ ಪ್ರತಿ ಕ್ಯಾಸೆಟ್ಟೂ ಹಿಂದಿನದರ ಮೇಲೆ ಕೂತು ಅದನ್ನು ಅಳಿಸಿತ್ತು. ಅದೇ ಹೆಸರಿನ ಫೈಲಿದ್ದರೆ ಆ ತಂತ್ರಾಂಶ ನಿಂತು ‘ಅಳಿಸಲೇ?’ ಎಂದು ಕೇಳುತ್ತದೆ. ರಾತ್ರಿ ಅದು ಕೇಳುತ್ತ ನಿಲ್ಲಬಾರದೆಂದು ಹುಡುಗ ‘ಎಲ್ಲಕ್ಕೂ ಹೌದು’ ಎಂಬ ಅಪ್ಪಣೆಯನ್ನು ಮೊದಲೇ ಕೊಟ್ಟಿದ್ದ. ಅಳಿಸಿದ ಫೈಲನ್ನು ಮರಳಿ ತೆಗೆಯಲು ಕೆಲವೊಮ್ಮೆ ಸಾಧ್ಯವೆಂದು ನಮಗೆ ತಿಳಿಯುವಷ್ಟರಲ್ಲಿ ಅದೇ ಡಿಸ್ಕಿನ ಮೇಲೆ ಬೇರೆಯದನ್ನು ತುಂಬಿದ್ದೆವು.

ಕ್ಯಾಸೆಟ್ಟುಗಳು ಇನ್ನೂ ಇದ್ದವಲ್ಲ, ಮತ್ತೆ ಇಳಿಸಿದೆವು. ಅಮ್ಮನದು ಮೂರನೆಯ ಕ್ಯಾಸೆಟ್ಟು. ಮೊದಲ ಸಲ ಸರಾಗವಾಗಿ ಓಡಿದ್ದ ಆ ಪಟ್ಟಿ ಎರಡನೆಯ ಸಲ ರಬ್ಬರ್ ಉರುಳೆಗೆ ಸುತ್ತಿಕೊಂಡು ಹರಿಯಿತು. ಹರಿದ ತುದಿಗಳನ್ನು ಜೋಡಿಸಿದೆವು, ನುಗ್ಗಾದ ಭಾಗ ಮಾತ್ರ ಉಳಿಯಲಿಲ್ಲ. ಹೋದದ್ದು ನಾಲ್ಕು ನಿಮಿಷ, ಕಥೆಯ ಕೊನೆಯ ಭಾಗ. ನೋಂಪಿಯ ಕಥೆ ಹೇಗೆ ಮುಗಿಯುತ್ತದೆಂದು ನಮಗೆ ಗೊತ್ತು. ಅಮ್ಮ ಅದನ್ನು ಹೇಗೆ ಹೇಳಿ ಮುಗಿಸುತ್ತಿದ್ದರೆಂಬುದು ಇನ್ನು ಯಾರಿಗೂ ಕೇಳಿಸದು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ಅವನೊಬ್ಬನದಲ್ಲ. ಅಂಗಡಿಯಲ್ಲಿ ತಾಳೆ ನೋಡದೆ ಒಂದು ದಿನವೂ ರೋಕಡಿ ಮುಚ್ಚದ ನಾವು, ಮನೆಯ ಈ ಆಸ್ತಿಯ ಲೆಕ್ಕವನ್ನು ನೋಡದೆ ಮಲಗಿದ್ದೆವು.

ಆಮೇಲೆ ಅವನು ಪ್ರೋಗ್ರಾಮನ್ನು ತಿದ್ದಿ ಬರೆದ. ಆ ಕ್ರಮವನ್ನು ನಿಮ್ಮ ಮನೆಯ ಹುಡುಗರಿಗೂ ಹೇಳಿ.

ಮೊದಲನೆಯದಾಗಿ, ಹಾಕುವ ಮುನ್ನ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಕೈತಪ್ಪಿ ಅದರ ಮೇಲೆ ಬೇರೆ ದನಿ ಮುದ್ರಣವಾಗದು. ಬೂಷ್ಟು ಕಂಡರೆ ಹಾಕಲೇಬೇಡಿ, ಬಲ್ಲವರಿಗೆ ತೋರಿಸಿ.

ಎರಡನೆಯದಾಗಿ, ಪ್ರತಿ ಫೈಲಿಗೂ ಬೇರೆ ಹೆಸರು ಇರಲಿ. ವರ್ಷ, ಊರು, ಯಾರ ದನಿ, ಕ್ಯಾಸೆಟ್ಟಿನ ಸಂಖ್ಯೆ, ಬದಿ, ಇಷ್ಟೂ ಹೆಸರಿನಲ್ಲೇ ಬರಲಿ. ಹಳೆಯದನ್ನು ಅಳಿಸುವ ಅಧಿಕಾರ ಪ್ರೋಗ್ರಾಮಿಗೆ ಬೇಡ.

ಮೂರನೆಯದು ತಾಳೆ. ಒಂದು ಫೈಲಿನ ಎಲ್ಲ ಅಂಕಿಗಳನ್ನೂ ಒಂದು ಸೂತ್ರಕ್ಕೆ ಹಾಕಿದರೆ 64 ಅಕ್ಷರದ ಒಂದು ಗುರುತು ಬರುತ್ತದೆ. ಅದಕ್ಕೆ ಶಾ-256 ಎನ್ನುತ್ತಾರೆ. ಫೈಲಿನಲ್ಲಿ ಒಂದೇ ಒಂದು ಅಂಕಿ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಈ ಗುರುತುಗಳನ್ನು ಪಟ್ಟಿ ಮಾಡಿಟ್ಟು ವರ್ಷಕ್ಕೊಮ್ಮೆ, ದೀಪಾವಳಿಯ ಲೆಕ್ಕಪೂಜೆಯ ದಿನವೇ, ಪ್ರೋಗ್ರಾಮಿನಿಂದ ತಾಳೆ ನೋಡಿಸಿದರೆ ಯಾವ ಪ್ರತಿ ಕೆಟ್ಟಿದೆಯೆಂದು ತಿಳಿಯುತ್ತದೆ.

ನಾಲ್ಕನೆಯದಾಗಿ ಮೂರು ಪ್ರತಿ. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮದೊಂದು ಈಗ ಮಡಕಶಿರಾದ ಸೋದರಮಾವನ ಮನೆಯ ತಿಜೋರಿಯಲ್ಲಿದೆ. ಕೆಲಸ ಮುಗಿಯಿತೆಂದು ಕ್ಯಾಸೆಟ್ಟನ್ನು ಎಸೆಯಬೇಡಿ. ನಮ್ಮನ್ನು ಅರ್ಧವಾದರೂ ಕಾಪಾಡಿದ್ದು ಅದೇ.

ವಿಡಿಯೋಗೂ ಇದೇ ಕ್ರಮ, ಜಾಗ ಮಾತ್ರ ಬಹಳ ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ, ಒತ್ತದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ. ಸ್ಟುಡಿಯೋದವರಿಗೆ ಕೊಡುವುದಾದರೆ ಫೋನಿಗೆಂದು ಒತ್ತಿದ ಚಿಕ್ಕ ಪ್ರತಿಯ ಜೊತೆಗೆ ದೊಡ್ಡ ಪ್ರತಿಯನ್ನೂ ಕೇಳಿ ಪಡೆಯಿರಿ.

ರಾಯದುರ್ಗದ 1355ರ ಶಾಸನ, ಒಂದನೆಯ ಹರಿಹರನ ಕಾಲದಲ್ಲಿ ಭೋಗರಾಜನು ಶಾಂತಿನಾಥ ಜಿನನನ್ನು ಪ್ರತಿಷ್ಠಾಪಿಸಿದ್ದನ್ನು ಇಂದಿಗೂ ಹೇಳುತ್ತಿದೆ. ಅದು ಕಲ್ಲು, ಉಳಿಯಿತು. ಓಲೆಗರಿಗೆ ಆ ಭಾಗ್ಯವಿಲ್ಲ. ಅದನ್ನರಿತೇ ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಪ್ರತಿ ಒಂದೇ ಮನೆಯಲ್ಲಿದ್ದರೆ ಅಳಿಯುತ್ತದೆ, ಹಲವು ಮನೆಗಳಲ್ಲಿದ್ದರೆ ಉಳಿಯುತ್ತದೆ. ಶಾಸ್ತ್ರದಾನದ ಆ ವಿವೇಕ ಹಿರಿಯರ ದನಿಗೂ ಸಲ್ಲುತ್ತದೆ.

ಇಷ್ಟರಲ್ಲೇ ನಿಮ್ಮ ಮನೆಯ ಪೆಟ್ಟಿಗೆಯನ್ನು ಕೆಳಗಿಳಿಸಿ. ಮೊದಲು ತೆಗೆಯಬೇಕಾದದ್ದು ಮದುವೆಯ ವಿಡಿಯೋ ಅಲ್ಲ, ಮೇಲೆ ಏನೂ ಬರೆಯದ ಆ ಕ್ಯಾಸೆಟ್ಟು. ಅದರಲ್ಲಿ ಯಾರ ದನಿ ಇದೆಯೆಂದು ಗುರುತಿಸಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಹಾಕಿ ಕೇಳಿ.