ಮೊಬೈಲಿನ ಸಂತೆ ಮತ್ತು ನಮ್ಮ ಬೆಲೆಯ ಲೆಕ್ಕ



ಇತ್ತೀಚೆಗೆ ಹಳ್ಳಿಗೆ ಬರುವ ಅಧಿಕಾರಿಗಳೂ, ತರಬೇತಿ ಕೊಡಲು ಬರುವ ಪಟ್ಟಣದ ಯುವಕರೂ ನಮಗೆ ಒಂದೇ ಮಂತ್ರ ಹೇಳಿಕೊಡುತ್ತಿದ್ದಾರೆ. "ನಿಮಗೆ ಬೆಳೆಯೋದು ಗೊತ್ತು, ಮಾರೋದು ಗೊತ್ತಿಲ್ಲ. ಫೇಸ್‌ಬುಕ್ಕಿಗೆ ಹಾಕಿ, ಯೂಟ್ಯೂಬಿಗೆ ಹಾಕಿ, ವಾಟ್ಸಾಪಿನಲ್ಲಿ ಮಾರಿ. ದಲ್ಲಾಳಿಯೂ ಬೇಡ, ಸರ್ಕಾರವೂ ಬೇಡ, ನಿಮ್ಮ ಬೆಲೆ ನೀವೇ ಇಟ್ಟುಕೊಳ್ಳಿ" ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಅರ್ಧ ನಿಜವೂ ಹೌದು. ಉಳಿದ ಅರ್ಧವನ್ನು ಯಾರೂ ಹೇಳುತ್ತಿಲ್ಲ. ಅದಕ್ಕೇ ಈ ಲೇಖನ.

ಮೊದಲು ನಿಜವಾದ ಅರ್ಧವನ್ನು ಒಪ್ಪಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಆದಾಗ ದ್ರಾಕ್ಷಿ, ಕಲ್ಲಂಗಡಿ, ಎಲೆಕೋಸು ಹೊಲದಲ್ಲೇ ಕೊಳೆಯುತ್ತಿದ್ದವು. ಆಗ ಕೆಲವು ರೈತರು ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಮಾತಾಡಿ ಕಳಿಸಿದರು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಜನ ಲೋಡುಗಟ್ಟಲೆ ತರಿಸಿಕೊಂಡರು. ದೆಹಲಿಯ ಗಡಿಯಲ್ಲಿ ರೈತರು ಕುಳಿತಾಗ ದೊಡ್ಡ ದೊಡ್ಡ ಟೀವಿಗಳು ಅವರನ್ನು ದೇಶದ್ರೋಹಿಗಳೆಂದು ಕರೆದರೆ, ನಿಜ ಸಂಗತಿಯನ್ನು ಊರೂರಿಗೆ ತಲುಪಿಸಿದ್ದೂ ಇದೇ ಮೊಬೈಲು. ಆದ್ದರಿಂದ ಇದನ್ನು ಬೇಡವೆಂದು ಬಿಸಾಡುವ ಮಾತು ನನ್ನದಲ್ಲ. ಆದರೆ ಕತ್ತಿ ಹಿಡಿಯುವ ಮೊದಲು ಅದರ ಹಿಡಿ ಯಾರ ಕೈಯಲ್ಲಿದೆ ಎಂದು ನೋಡಬೇಕು.

ಈಗ ನಮ್ಮ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮದು ಎರಡೂವರೆ ಎಕರೆ ಕಬ್ಬು, ಸುಮಾರು 100 ಟನ್ ಬರುತ್ತದೆ. ಹೋದ ಹಂಗಾಮಿನಲ್ಲಿ 5 ಟನ್ ಕಬ್ಬನ್ನು ಊರಿನ ಆಲೆಮನೆಯಲ್ಲಿ ಹೈಡ್ರೋಸ್ ಹಾಕದೆ ಬೆಲ್ಲ ಮಾಡಿಸಿದೆವು. ಟನ್ನಿಗೆ ಒಂದು ಕ್ವಿಂಟಲಿನಂತೆ 5 ಕ್ವಿಂಟಲ್ ಬೆಲ್ಲ ಬಂತು. ಮಗ ಕೊಪ್ಪರಿಗೆಯ ಮುಂದೆ ನಿಂತು ಒಂದು ನಿಮಿಷದ ವಿಡಿಯೋ ಮಾಡಿದ. ಬೆಲ್ಲ ಯಾಕೆ ಕಪ್ಪಗಿದೆ, ಹಳದಿ ಮಾಡಲು ಏನೇನು ಹಾಕುತ್ತಾರೆ ಎಂದು ಸರಳವಾಗಿ ಹೇಳಿದ. ಜನ ನಂಬಿದರು. ಕೆ.ಜಿ.ಗೆ 90 ರೂಪಾಯಿಯಂತೆ ಅಷ್ಟೂ ಬೆಲ್ಲ ಖರ್ಚಾಯಿತು, 45,000 ರೂಪಾಯಿ ಬಂತು.

ಮಂಡಿಗೆ ಹಾಕಿದ್ದರೆ ಎಲ್ಲ ಕಳೆದು ಕೆ.ಜಿ.ಗೆ 44 ರೂಪಾಯಿ, ಅಂದರೆ 22,000 ಸಿಗುತ್ತಿತ್ತು. ಬೆಲ್ಲ ಮಾಡುವ ಖರ್ಚು ಎರಡಕ್ಕೂ ಒಂದೇ. ಹಾಗಾದರೆ 23,000 ಹೆಚ್ಚು ಬಂತಲ್ಲ! ತರಬೇತಿಯವರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ನಮ್ಮ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಡಬ್ಬ, ಕವರು, ಚೀಟಿಗೆ 4,500. ಆಟೋ ಮತ್ತು ಬಸ್ಸಿನ ಕಾರ್ಗೋಗೆ ನಮ್ಮ ಕೈಯಿಂದ ಬಿದ್ದದ್ದು 6,000. ಒಡೆದದ್ದು, ನೀರೊಡೆದದ್ದು ಎಂದು ಹಣ ವಾಪಸು ಕೊಟ್ಟಿದ್ದು 1,500. ಉಳಿದದ್ದು 11,000. ಇಷ್ಟರಲ್ಲಿ ಪೇಟೆಯ ಒಬ್ಬ ಯುವಕ ಬಂದು, "ಫೇಸ್‌ಬುಕ್ಕಿನಲ್ಲಿ ದುಡ್ಡು ಕಟ್ಟಿ ಬೂಸ್ಟ್ ಮಾಡಿಸಿ, ಲಕ್ಷ ಜನ ನೋಡ್ತಾರೆ" ಎಂದು 8,000 ಇಸಕೊಂಡು ಹೋದ. ಲಕ್ಷ ಜನ ನೋಡಿದರೋ ಇಲ್ಲವೋ, ಅದರಿಂದ ಒಂದು ಅಚ್ಚು ಬೆಲ್ಲವೂ ಹೋಗಲಿಲ್ಲ. ಕೊನೆಗೆ ಕೈಯಲ್ಲಿ ನಿಂತದ್ದು 3,000 ರೂಪಾಯಿ. ಮಗ ಎರಡು ತಿಂಗಳು ರಾತ್ರಿ ಹನ್ನೊಂದರವರೆಗೆ ಫೋನಿಗೆ ಉತ್ತರ ಕೊಟ್ಟ ಕೂಲಿಯನ್ನು ಇದರಲ್ಲಿ ಹಿಡಿದಿಲ್ಲ.

ಇನ್ನೂ ಮುಖ್ಯವಾದ ಮಾತು ಕೇಳಿ. ಮೊಬೈಲಿನಲ್ಲಿ ಹೋದದ್ದು 5 ಟನ್ ಕಬ್ಬು. ಉಳಿದ 95 ಟನ್ ಎಲ್ಲಿಗೆ ಹೋಯಿತು? ಕಾರ್ಖಾನೆಗೆ. ಅಲ್ಲಿ ಬೆಲೆ ಇಟ್ಟವರು ನಾವಲ್ಲ. ಕಾರ್ಖಾನೆ ಟನ್ನಿಗೆ ಬರೀ 100 ರೂಪಾಯಿ ಹೆಚ್ಚು ಕೊಟ್ಟರೆ ನಮ್ಮ ಮನೆಗೆ 9,500 ರೂಪಾಯಿ ಬರುತ್ತದೆ. ಡಬ್ಬವಿಲ್ಲ, ಆಟೋ ಇಲ್ಲ, ರಾತ್ರಿ ಎಚ್ಚರ ಇರಬೇಕಾಗಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯಲ್ಲಿ ಕುಳಿತದ್ದಕ್ಕೇ ಸರ್ಕಾರ ಮಾತುಕತೆಗೆ ಬಂದು ಟನ್ನಿಗೆ 3,300 ರೂಪಾಯಿ ಘೋಷಿಸಬೇಕಾಯಿತು. ಅದನ್ನು ಯಾವ ಬೂಸ್ಟೂ ಕೊಡಿಸಲಿಲ್ಲ, ಸಂಘಟನೆ ಕೊಡಿಸಿತು. ಹಾಗಿರುವಾಗ "ಬೆಲೆ ಸಿಗದಿದ್ದರೆ ಅದು ನಿಮ್ಮ ಮಾರಾಟದ ದಡ್ಡತನ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಲೆಯ ಹೊಣೆಯನ್ನು ಸರ್ಕಾರದ ತಲೆಯಿಂದ ಇಳಿಸಿ ನಮ್ಮ ಮಕ್ಕಳ ಮೊಬೈಲಿಗೆ ಏರಿಸುವ ಉಪಾಯ ಅದು.

ಇನ್ನು ದಲ್ಲಾಳಿ ಹೋದ ಎನ್ನುವ ಮಾತು. ಹೋಗಿಲ್ಲ, ಅಂಗಿ ಬದಲಾಯಿಸಿದ್ದಾನೆ. ಫೇಸ್‌ಬುಕ್ಕೂ, ಇನ್‌ಸ್ಟಾಗ್ರಾಮೂ, ವಾಟ್ಸಾಪೂ ಒಂದೇ ಕಂಪನಿಯ ಸೊತ್ತು, ಯೂಟ್ಯೂಬ್ ಗೂಗಲ್‌ನದು. 2018ರಲ್ಲಿ ಫೇಸ್‌ಬುಕ್ ತನ್ನ ಕ್ರಮ ಬದಲಿಸಿ, ನೆಂಟರು ಗೆಳೆಯರ ಸುದ್ದಿಗೆ ಮೊದಲ ಜಾಗ, ವ್ಯಾಪಾರದ ಪೇಜುಗಳಿಗೆ ಆಮೇಲೆ ಎಂದಿತು. ಅಲ್ಲಿಂದ ಪುಕ್ಕಟೆ ಹಾಕಿದ್ದನ್ನು ನೋಡುವವರು ಕಡಿಮೆಯಾದರು. ಕಾಣಬೇಕಾದರೆ ಕಾಸು ಕಟ್ಟಬೇಕಾಯಿತು. ಮಂಡಿಯವನಾದರೂ ಮಾಲು ಮಾರಿದ ಮೇಲೆ ಕಮಿಷನ್ ಹಿಡಿಯುತ್ತಾನೆ. ಇವನು ಮಾಲು ಹೋಗುವ ಮೊದಲೇ ಹಿಡಿಯುತ್ತಾನೆ, ಹೋಗದಿದ್ದರೂ ವಾಪಸು ಕೊಡುವುದಿಲ್ಲ. ಜಗಳ ಆಡೋಣವೆಂದರೆ ಅವನ ಅಂಗಡಿಯ ಬಾಗಿಲು ಯಾವ ಊರಲ್ಲಿದೆ ಹೇಳಿ?

ಅವನು ಬಾಗಿಲು ಹಾಕಿದರೂ ನಮಗೆ ದಿಕ್ಕಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅದರಲ್ಲಿ ಸಾವಿರಾರು ಗಿರಾಕಿ ಕೂಡಿಸಿದ್ದವರು ಒಂದೇ ಏಟಿಗೆ ಬರಿಗೈಯಾದರು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ರೈತರ ಕಿಸಾನ್ ಏಕತಾ ಮೋರ್ಚಾ ಪೇಜನ್ನು ಫೇಸ್‌ಬುಕ್ ಕೆಲವು ಗಂಟೆ ಮುಚ್ಚಿತು. ದೊಡ್ಡ ಗದ್ದಲವಾದ ಮೇಲೆ ತೆರೆಯಿತು. ನಿಮ್ಮ ಬೆಲ್ಲದ ಪೇಜು ಮುಚ್ಚಿದರೆ ಗದ್ದಲ ಮಾಡುವವರು ಯಾರು? ಇನ್ನೊಬ್ಬರ ಜಮೀನಿನಲ್ಲಿ ತೆಂಗಿನ ಸಸಿ ನೆಟ್ಟ ಹಾಗೆ ಇದು.

ಹಾಗಂತ ಕೈಕಟ್ಟಿ ಕೂರೋಣವೇ? ಬೇಡ. ಬಳಸೋಣ, ಎಚ್ಚರದಿಂದ ಬಳಸೋಣ. ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಒಂದು, ಗಿರಾಕಿಯ ಹೆಸರು, ಊರು, ಫೋನ್ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೇಜು ಹೋದರೂ ಗಿರಾಕಿ ಹೋಗಬಾರದು. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ಅವರು ನಿಮ್ಮ ನಂಬರನ್ನು ಉಳಿಸಿಕೊಂಡಿದ್ದರೆ ಮಾತ್ರ ಸುದ್ದಿ ತಲುಪುತ್ತದೆ. ಡಬ್ಬದೊಳಗೆ ಒಂದು ಚೀಟಿ ಹಾಕಿ ನಂಬರ್ ಉಳಿಸಿಕೊಳ್ಳಿ ಎಂದು ಕೇಳಿ. ನಮ್ಮ ಬೆಲ್ಲ ಎರಡನೆಯ ಸಲ ಕೊಂಡವರೆಲ್ಲ ಹೀಗೆ ಬಂದವರೇ.

ಎರಡು, ಸುಳ್ಳು ಹೇಳಬೇಡಿ. ಗೊಬ್ಬರ ಹಾಕಿದ್ದರೆ ಹಾಕಿದ್ದೇವೆ ಎನ್ನಿ. ಒಬ್ಬ ರೈತ ಹೈಡ್ರೋಸ್ ಬೆಲ್ಲವನ್ನು ಸಾವಯವ ಎಂದು ಕಳಿಸಿದರೆ ಹತ್ತು ಊರಿನ ಬೆಲ್ಲಕ್ಕೆ ಕೆಟ್ಟ ಹೆಸರು.

ಮೂರು, ಮೋಸಗಾರರಿದ್ದಾರೆ. "ನಾನು ಮಿಲಿಟರಿ ಆಫೀಸರ್, ಎರಡು ಕ್ವಿಂಟಲ್ ಬೇಕು, ಹಣ ಕಳಿಸಲು ಈ ಕೋಡ್ ಸ್ಕ್ಯಾನ್ ಮಾಡಿ" ಎನ್ನುತ್ತಾರೆ. ನೆನಪಿಡಿ, ಹಣ ಬರಲು ನಾವು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ನಮ್ಮ ಖಾತೆಯಿಂದ ಹಣ ಹೋಗುತ್ತದೆ. ಈ ಮಾತನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೇಳಿ.

ನಾಲ್ಕು, ಇದಕ್ಕಾಗಿ ಸಾಲ ಮಾಡಬೇಡಿ. ಬೆಳೆ ಸಾಲದ ದುಡ್ಡನ್ನು ಪ್ಯಾಕಿಂಗ್ ಮಿಷಿನ್ನಿಗೋ, ಬೂಸ್ಟಿಗೋ ಹಾಕಿ ಕೈಸುಟ್ಟುಕೊಂಡರೆ, ಬ್ಯಾಂಕಿನ ನೋಟೀಸು ಬರುವುದು ನಿಮ್ಮ ಹೆಸರಿಗೆ. ಬೂಸ್ಟ್ ಮಾಡಿಸಿದವನ ಹೆಸರಿಗಲ್ಲ. ಮಾರಿದ ದುಡ್ಡಿನಿಂದಲೇ ಮುಂದಿನ ಹೆಜ್ಜೆ ಇಡಿ.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬೊಬ್ಬರೇ ಮಾರಬೇಡಿ. ನಾನು 90ಕ್ಕೆ ಕೊಟ್ಟರೆ ಪಕ್ಕದ ಮನೆಯವನು 80, ಅವನ ತಮ್ಮ 70. ಕೊನೆಗೆ ಮಂಡಿಯ ಬೆಲೆಗೇ ಇಳಿದು ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ. ಊರಿನ ಹತ್ತು ಮನೆ ಸೇರಿ ಒಂದು ಹೆಸರು, ಒಂದು ತೂಕ, ಒಂದು ಬೆಲೆ, ಒಂದು ಫೋನ್ ಇಟ್ಟುಕೊಳ್ಳಿ. ಫೋನು ನೋಡುವ ಹುಡುಗನಿಗೋ ಹುಡುಗಿಗೋ ಸಂಬಳ ಕೊಡಿ. ಹತ್ತು ಮನೆಯ ಡಬ್ಬ ಒಟ್ಟಿಗೆ ಹೋದರೆ ಆಟೋ ಖರ್ಚು ತಾನಾಗಿ ಇಳಿಯುತ್ತದೆ. ಅಡಿಕೆಯ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರು ಸೇರಿ ಕಟ್ಟಿದ್ದು ಕ್ಯಾಂಪ್ಕೊ. ಆಗ ಅವರ ಕೈಯಲ್ಲಿ ಮೊಬೈಲಿರಲಿಲ್ಲ, ಒಗ್ಗಟ್ಟಿತ್ತು. ನಮ್ಮ ಕೈಯಲ್ಲಿ ಮೊಬೈಲಿದೆ, ಒಗ್ಗಟ್ಟೆಲ್ಲಿ?

ಮೊಬೈಲಿನ ಇನ್ನೊಂದು ಉಪಯೋಗವನ್ನು ತರಬೇತಿಯವರು ಹೇಳುವುದೇ ಇಲ್ಲ. ಇವತ್ತು ಯಾವ ಮಾರುಕಟ್ಟೆಯಲ್ಲಿ ಏನು ಬೆಲೆ, ಯಾವ ಮಂಡಿಯಲ್ಲಿ ತೂಕದಲ್ಲಿ ಮೋಸ, ಯಾವ ಕಾರ್ಖಾನೆ ಎಷ್ಟು ಬಾಕಿ ಉಳಿಸಿಕೊಂಡಿದೆ ಎಂಬುದನ್ನು ಊರಿನಿಂದ ಊರಿಗೆ ತಿಳಿಸುವುದು. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸುವ ಗುಂಪಿನಲ್ಲಿ ದಿನಾ ಬೆಳಗ್ಗೆ ಒಂದು ಬೆಲೆಪಟ್ಟಿ ಬಂದರೆ ಸಾಕು, ದಲ್ಲಾಳಿಯ ಅರ್ಧ ಆಟ ನಿಲ್ಲುತ್ತದೆ.

ಬಂಧುಗಳೇ, 5 ಟನ್ನಿಗೆ ಮೊಬೈಲು ಬೆಲೆ ತರಬಹುದು, ತರಲಿ. 95 ಟನ್ನಿಗೆ ಬೆಲೆ ತರುವುದು ಹೋರಾಟವೊಂದೇ. ವೈಜ್ಞಾನಿಕ ಬೆಲೆ ನಮ್ಮ ಹಕ್ಕು. ಅದನ್ನು ಯಾರ ಲೈಕಿನಲ್ಲೂ ಭಿಕ್ಷೆ ಬೇಡಬೇಕಾಗಿಲ್ಲ. ಮುಂದಿನ ಗ್ರಾಮ ಘಟಕದ ಸಭೆಗೆ ಬರುವಾಗ ನಿಮ್ಮ ಮಗನನ್ನೋ ಮಗಳನ್ನೋ ಮೊಬೈಲಿನ ಸಮೇತ ಕರೆದುಕೊಂಡು ಬನ್ನಿ. ಅವರಿಗೆ ಫೋನು ಗೊತ್ತು, ನಮಗೆ ಲೆಕ್ಕ ಗೊತ್ತು. ಎರಡೂ ಒಂದೇ ಜಮಖಾನದ ಮೇಲೆ ಕೂರಲಿ.